ಹಳೇ ಸೀಮೆಎಣ್ಣೆ ದೀಪಕ್ಕೆ ಸರಿಯಾದ ಚಿಮಣಿ ಗಾಜು ಆರಿಸುವುದು ಹೇಗೆ?

ಹಳೇ ದೀಪ ಮನೆಗೆ ತಂದವರು ಮೊದಲು ಹುಡುಕುವುದು ಚಿಮಣಿ ಗಾಜನ್ನು. ಹೆಚ್ಚಿನವರು ಎಡವುವುದೂ ಅಲ್ಲೇ. ಎತ್ತರ ನೋಡುತ್ತಾರೆ, ಅಂದ ನೋಡುತ್ತಾರೆ, ಬುಡದ ಅಳತೆಯನ್ನು ಮಾತ್ರ ಮರೆಯುತ್ತಾರೆ. ಗಾಜು ಕೂರುವುದೇ ಇಲ್ಲ, ಕೂತರೂ ದೀಪ ಹೊಗೆ ಕಾರುತ್ತದೆ. ಪಾಪ, ಒಳ್ಳೇ ದೀಪ ಮೂಲೆ ಸೇರುತ್ತದೆ.

ಮೊದಲು ಭಾಗಗಳನ್ನು ಗುರುತಿಸಿ. ಎಣ್ಣೆ ತುಂಬುವುದು ಬುಡ್ಡಿ. ಅದರ ಬಾಯಿಗೆ ಅಂಟಿಸಿದ ಹಿತ್ತಾಳೆ ಬಳೆ ಕಾಲರ್. ಕಾಲರ್‌ಗೆ ತಿರುಗಿಸಿ ಕೂರಿಸುವುದು ಬರ್ನರ್. ಬರ್ನರ್ ಮೇಲೆ ಗಾಜನ್ನು ಹಿಡಿದುಕೊಳ್ಳುವ ಅಂಚು ಗ್ಯಾಲರಿ. ಚಿಮಣಿಯೂ ಶೇಡೂ ಒಂದೇ ಅಲ್ಲ. ಚಿಮಣಿ ಗಾಳಿ ಎಳೆದು ಉರಿಯನ್ನು ನೆಟ್ಟಗೆ ನಿಲ್ಲಿಸುತ್ತದೆ. ಶೇಡ್ ಬೆಳಕನ್ನು ಹರಡುತ್ತದೆ, ಅಷ್ಟೇ. ಅಂಗಡಿಯಲ್ಲಿ "ದೀಪದ ಗಾಜು ಕೊಡಿ" ಅಂದರೆ ಎರಡರಲ್ಲಿ ಯಾವುದೂ ಕೈಗೆ ಬರಬಹುದು.

ಎರಡನೆಯದು, ಬತ್ತಿ ನೋಡಿ. ಪಟ್ಟಿಯಂತೆ ಚಪ್ಪಟೆಯೋ, ಕೊಳವೆಯಂತೆ ದುಂಡಗೋ? ಅದಕ್ಕೆ ತಕ್ಕಂತೆ ಚಿಮಣಿಯೂ ಬೇರೆ.

ಈಗ ಅಳತೆ. ಇಲ್ಲಿ ಆತುರ ಬೇಡ. ಜೊತೆಗೆ ಬಂದ ಹಳೇ ಗಾಜನ್ನು ಅಳೆಯಬೇಡಿ, ಅದನ್ನೂ ಯಾರೋ ಅಂದಾಜಿನಲ್ಲಿ ತಂದಿರಬಹುದು. ಬರ್ನರನ್ನೇ ಅಳೆಯಿರಿ. ಗ್ಯಾಲರಿಯ ಒಳಗೆ ಗಾಜಿನ ಬುಡ ಕೂರುವ ಸಮತಟ್ಟು ಜಾಗವಿದೆ, ಅಲ್ವಾ? ಅದರ ಅಡ್ಡಗಲ ಬೇಕು. ಗಾಜು ಹಿಡಿಯುವ ಲೋಹದ ನಾಲಿಗೆಗಳ ತುದಿಯಿಂದ ತುದಿಗೆ ಅಳೆದರೆ ಲೆಕ್ಕ ತಪ್ಪುತ್ತದೆ. ಹಳೇ ದೀಪಗಳಲ್ಲಿ ಅವು ಬಾಗಿರುತ್ತವೆ. ಎರಡು ಮೂರು ದಿಕ್ಕಿನಲ್ಲಿ ಅಳೆಯಿರಿ, ಬರ್ನರೇ ನೆಗ್ಗಿದ್ದರೆ ಗೊತ್ತಾಗುತ್ತದೆ. ಸಿಕ್ಕ ಅಳತೆಗಿಂತ ಗಾಜಿನ ಬುಡದ ಹೊರಗಿನ ಅಗಲ ಒಂದೆರಡು ಮಿಲಿಮೀಟರ್ ಕಡಿಮೆ ಇರಲಿ. ಕೂರಿಸಿದ ಗಾಜು ಬೆರಳಲ್ಲಿ ಸಲೀಸಾಗಿ ತಿರುಗಬೇಕು. ಬಿಗಿಯಾಗಿ ಕೂತದ್ದು ಕಾವೇರಿದಾಗ ಹಿಗ್ಗಲು ಜಾಗ ಸಿಗದೆ ಬಿರುಕು ಬಿಡುತ್ತದೆ.

ಚಪ್ಪಟೆ ಬತ್ತಿಯ ಅಮೆರಿಕದ ಹಳೇ ದೀಪವಾದರೆ ಬತ್ತಿಯೇ ಸುಳಿವು ಕೊಡುತ್ತದೆ. 1 ಇಂಚು ಅಗಲದ ಬತ್ತಿ ಇದ್ದರೆ ಸಾಮಾನ್ಯವಾಗಿ ಅದು 2ನೇ ನಂಬರ್ ಬರ್ನರ್, ಗಾಜಿನ ಬುಡ 3 ಇಂಚು. ಮುಕ್ಕಾಲು ಇಂಚಿಗಿಂತ ಸ್ವಲ್ಪ ಕಡಿಮೆ, ಅಂದರೆ 5/8 ಇಂಚು ಬತ್ತಿಯಾದರೆ 1ನೇ ನಂಬರ್, ಬುಡ ಎರಡೂವರೆ ಇಂಚು. ಬತ್ತಿ ದುಂಡಗೆ ಉರಿಯುವ, ಜರ್ಮನಿಯ ಕಾಸ್ಮೋಸ್ ಎಂಬ ಬಗೆಯ ಬರ್ನರ್‌ಗಳ ಲೆಕ್ಕ ಬೇರೆ. ಅವುಗಳ ಗಾತ್ರವನ್ನು ಲೈನ್ ಎಂಬ ಹಳೇ ಅಳತೆಯಲ್ಲಿ ಹೇಳುತ್ತಾರೆ. ಒಂದು ಲೈನ್ ಅಂದರೆ ಸುಮಾರು 2.25 ಮಿಲಿಮೀಟರ್. ಅವುಗಳ ಚಿಮಣಿಗೆ ನಡುವೆ ಸೊಂಟದಂತೆ ಕಿರಿದಾದ ಜಾಗವಿರುತ್ತದೆ. ಗಾಳಿಯನ್ನು ಉರಿಯ ಕಡೆಗೆ ನೂಕುವುದು ಅದೇ. ಆ ಕಿರಿದು ಬತ್ತಿಯ ಬಾಯಿಗಿಂತ ಸ್ವಲ್ಪವೇ ಮೇಲಿರಬೇಕು. ಬುಡದ ಅಳತೆ ಸರಿಯಿದ್ದೂ ದೀಪ ಹೊಗೆಯಾಡಿದರೆ ಮೊದಲು ಇದನ್ನೇ ನೋಡಿ.

ಅಳತೆ ಸಿಗದಾಗ ಕೆಲವರು ಸಣ್ಣ ಗಾಜು ತಂದು ಬುಡಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತುತ್ತಾರೆ. ದಯವಿಟ್ಟು ಬೇಡ. ಗಾಜು ನೆಟ್ಟಗೆ ನಿಲ್ಲುವುದಿಲ್ಲ, ಉರಿ ಒಂದು ಬದಿಗೆ ವಾಲಿ ಗಾಜನ್ನು ನೆಕ್ಕುತ್ತದೆ. ಮೇಲ್ತುದಿ ಒಡೆದದ್ದನ್ನು ಕತ್ತರಿಸಿ ಕುಳ್ಳಗೆ ಮಾಡುವುದೂ ಬೇಡ. ಎತ್ತರ ಕಡಿಮೆಯಾದರೆ ಗಾಳಿ ಎಳೆಯುವ ಬಲವೂ ಕಡಿಮೆಯಾಗುತ್ತದೆ.

ಕೊಳ್ಳುವಾಗ ಬೋರೋಸಿಲಿಕೇಟ್ ಗಾಜನ್ನೇ ಕೇಳಿ. ಬಿಸಿಗೆ ಅದು ಹಿಗ್ಗುವುದು ಬಹಳ ಕಡಿಮೆ. 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಯೇನಾದಲ್ಲಿ ಒಟ್ಟೊ ಶಾಟ್ ಈ ಗಾಜನ್ನು ರೂಪಿಸಿದಾಗ, ದೀಪದ ಚಿಮಣಿಗಳು ಅದರ ಮೊದಲ ಬಳಕೆಗಳಲ್ಲಿ ಸೇರಿದ್ದವು. ಅಲಂಕಾರಕ್ಕೆಂದು ಮಾರುವ ಬಣ್ಣದ ತೆಳು ಗಾಜು ಶೋಕೇಸಿಗೆ ಸಾಕು, ಉರಿಯುವ ದೀಪಕ್ಕೆ ಅಲ್ಲ.

ತಂದ ಗಾಜನ್ನು ಸೋಪುನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಬುಡ್ಡಿಯನ್ನು ಮಾತ್ರ ನೀರಲ್ಲಿ ನೆನೆಸಿಡಬೇಡಿ. ಹಳೇ ಗಾಜಿನ ಬುಡ್ಡಿಗಳಿಗೆ ಕಾಲರನ್ನು ಪ್ಲಾಸ್ಟರಿನಿಂದ ಅಂಟಿಸಿರುತ್ತಾರೆ. ನೀರು ಒಳಗೆ ಇಳಿದರೆ ಅದು ಸಡಿಲವಾಗುತ್ತದೆ.

ಬತ್ತಿಯ ತುದಿ ನೇರವಾಗಿ ಕತ್ತರಿಸಿ, ಎರಡೂ ಮೂಲೆಗಳನ್ನು ಚೂರೇ ಚೂರು ತೆಗೆಯಿರಿ. ಸೀಮೆಎಣ್ಣೆ ಹಾಕಿ, ಬತ್ತಿ ನೆನೆಯಲು ಅರ್ಧ ಗಂಟೆ ಬಿಡಿ. ಪೆಟ್ರೋಲ್, ಸ್ಪಿರಿಟ್ ಹತ್ತಿರಕ್ಕೂ ತರಬೇಡಿ. ಪರಿಮಳದ ಬಣ್ಣದೆಣ್ಣೆಯೂ ನನಗೆ ಇಷ್ಟವಿಲ್ಲ, ಬತ್ತಿ ಬೇಗ ಕಟ್ಟಿಕೊಳ್ಳುತ್ತದೆ.

ಹಚ್ಚಿದ ಮೇಲೆ ಮೊದಲ ಐದು ನಿಮಿಷ ಉರಿ ಸಣ್ಣಗಿರಲಿ. ಗಾಜು ಬಿಸಿಯಾದಂತೆ ಉರಿ ತಾನೇ ಏರುತ್ತದೆ, ಆಮೇಲೆ ನಿಧಾನಕ್ಕೆ ಹೆಚ್ಚಿಸಿ. ಕಿಟಕಿ ಸ್ವಲ್ಪ ತೆರೆದಿರಲಿ. ಆರಿಸಿದ ನಂತರ ಗಾಜು ಪೂರ್ತಿ ತಣ್ಣಗಾಗುವವರೆಗೆ ಒದ್ದೆ ಬಟ್ಟೆ ತಾಕಿಸಬೇಡಿ.