ಹೊಸ ಸೈಲೆನ್ಸರಿನ ಸೋರಿಕೆ: ಬಿಗಿಯುವ ಮೊದಲು ಕೂರಿಸಿ

ಬೈಕಿನ ಮೂಲ ಸೈಲೆನ್ಸರ್ ತೆಗೆದು ಬೇರೆ ತಯಾರಕರ ಪೈಪ್ ಹಾಕಿಕೊಂಡವರು ವಾರದೊಳಗೆ ಹೇಳುವ ದೂರು ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ ಹೆಡ್ಡಿನ ಬಳಿ ‘ಟಿಕ್ ಟಿಕ್’ ಎಂಬ ಸದ್ದು, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಪಟಾಕಿ ಸಿಡಿದಂತೆ ಪಟಪಟ, ಜೊತೆಗೆ ಮೈಲೇಜ್ ಕುಸಿತ. ಇದಕ್ಕೆ ಅವರು ಮಾಡಿಕೊಳ್ಳುವ ಚಿಕಿತ್ಸೆಯೂ ಒಂದೇ: ಕೈಗೆ ಸಿಕ್ಕಿದ ನಟ್ಟುಗಳನ್ನೆಲ್ಲ ಇನ್ನೂ ಅರ್ಧ ಸುತ್ತು ಬಿಗಿಯುವುದು, ಅದಕ್ಕೂ ಜಗ್ಗದಿದ್ದರೆ ಸಂದಿಗೆ ಪೇಸ್ಟ್ ಮೆತ್ತುವುದು. ನಾನು ಕಂಡ ಸೋರಿಕೆಗಳಲ್ಲಿ ಹೆಚ್ಚಿನವು ನಟ್ ಸಡಿಲವಾಗಿದ್ದರಿಂದ ಆದವಲ್ಲ. ಪೈಪ್ ತನ್ನ ಜಾಗದಲ್ಲಿ ತಾನಾಗಿ ಕೂರುವ ಮೊದಲೇ ಅದನ್ನು ನಟ್ಟಿನ ಬಲದಿಂದ ಎಳೆದು ಕೂರಿಸಿದ್ದರಿಂದ ಆದವು.

ಸೋರಿಕೆ ಎಂದರೆ ಹೊಗೆ ಹೊರಗೆ ಬರುವುದಷ್ಟೇ ಅಲ್ಲ. ಎಂಜಿನ್ನಿನಿಂದ ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ಬಿಟ್ಟು ಬಿಟ್ಟು ನುಗ್ಗುತ್ತದೆ. ಎರಡು ನುಗ್ಗಾಟಗಳ ನಡುವೆ ಪೈಪಿನೊಳಗೆ ಒತ್ತಡ ಕುಸಿದು ಅದೇ ಸಂದಿಯಿಂದ ಹೊರಗಿನ ಗಾಳಿ ಒಳಕ್ಕೆ ಸೇದಲ್ಪಡುತ್ತದೆ. ಆ ಗಾಳಿ ಸುಡದೆ ಉಳಿದ ಪೆಟ್ರೋಲ್ ಆವಿಯೊಂದಿಗೆ ಬಿಸಿ ಪೈಪಿನಲ್ಲಿ ಸೇರಿದಾಗ ಸಿಡಿತ ಕೇಳಿಸುತ್ತದೆ. ಹೊಗೆಯ ಮಿತಿಯ ಬಿಎಸ್ 6 ಮಾನದಂಡಕ್ಕೆ ತಯಾರಾದ ಬೈಕುಗಳಲ್ಲಿ ಇನ್ನೂ ಒಂದು ತೊಂದರೆಯಿದೆ. ಎಂಜಿನ್ ಹೆಡ್ಡಿನಿಂದ ಸೈಲೆನ್ಸರಿಗೆ ಹೋಗುವ ಬಾಗಿದ ಕೊಳವೆಯ, ಅಂದರೆ ಬೆಂಡ್ ಪೈಪಿನ ಮೇಲಿರುವ ಆಕ್ಸಿಜನ್ ಸೆನ್ಸರ್ ಈ ಹೊರಗಿನ ಗಾಳಿಯನ್ನು ಕಂಡು ಪೆಟ್ರೋಲ್ ಕಡಿಮೆಯಾಗಿದೆ ಎಂದು ತಿಳಿಯುತ್ತದೆ, ಎಂಜಿನ್ನನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕವಾದ ಇಸಿಯು ಅದನ್ನು ನಂಬಿ ಹೆಚ್ಚು ಪೆಟ್ರೋಲ್ ಬಿಡುತ್ತದೆ. ಮೈಲೇಜ್ ಹೋಗುವುದು ಹೀಗೆ.

ಕೆಲಸಕ್ಕೆ ಇಳಿಯುವ ಮೊದಲು ಒಂದು ಎಚ್ಚರಿಕೆ. ಸೋರಿಕೆ ನಿಲ್ಲಿಸಿದರೂ ಕರ್ಕಶ ಸದ್ದಿನ ಪೈಪ್ ಕಾನೂನಿನ ಕಣ್ಣಿಗೆ ಸರಿಯಾಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್ ಪ್ರಕಾರ ಶಬ್ದ ಮತ್ತು ಹೊಗೆಯ ಮಿತಿ ಮೀರಿದ ವಾಹನ ಓಡಿಸಿದರೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಆಗಬಹುದು. ನಮ್ಮ ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ವಶಪಡಿಸಿಕೊಂಡ ಸೈಲೆನ್ಸರುಗಳನ್ನು ರಸ್ತೆಯಲ್ಲಿ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ ಚಿತ್ರಗಳನ್ನು ಓದುಗರು ನೋಡಿಯೇ ಇರುತ್ತೀರಿ. ಒಳಗೆ ಸದ್ದು ತಗ್ಗಿಸುವ ಅಡ್ಡತಟ್ಟೆ (ಬ್ಯಾಫಲ್) ಇಲ್ಲದ ಬರಿಗೊಳವೆಯನ್ನು ಯಾರೂ ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಸೋರುವ ಜಾಗ ಹುಡುಕುವುದು

ಪರೀಕ್ಷೆಯನ್ನು ಎಂಜಿನ್ ಪೂರ್ತಿ ತಣ್ಣಗಿರುವಾಗ, ಬಯಲಿನಲ್ಲಿ ಮಾಡಬೇಕು. ಮುಚ್ಚಿದ ಗ್ಯಾರೇಜಿನಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡರೆ ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಣ್ಣಗಿರಬೇಕು ಎನ್ನಲು ಕಾರಣ, ಲೋಹ ಬಿಸಿಯಾಗಿ ಹಿಗ್ಗಿದ ಮೇಲೆ ಸಣ್ಣ ಸಂದಿಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ನಿಮಿಷಗಳಲ್ಲಿ ಸಿಗದ ಸೋರಿಕೆ ಆಮೇಲೆ ಸಿಗುವುದು ಕಷ್ಟ. ಒಬ್ಬರು ದಪ್ಪ ಬಟ್ಟೆಯ ಉಂಡೆಯನ್ನು ಸೈಲೆನ್ಸರಿನ ಬಾಯಿಗೆ ಕೆಲವೇ ಕ್ಷಣ ಒತ್ತಿ ಹಿಡಿಯಲಿ. ಜೋಡಣೆಗಳೆಲ್ಲ ಸರಿಯಿದ್ದರೆ ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಎಲ್ಲೋ ‘ಸುಸ್’ ಎನ್ನುತ್ತಾ ಓಡುತ್ತಲೇ ಇದ್ದರೆ ಅಲ್ಲಿ ಸೋರಿಕೆಯಿದೆ. ಆಗ ಹೆಡ್ಡಿನ ಜೋಡಣೆ, ಸೈಲೆನ್ಸರ್ ಸೇರುವ ಜೋಡಣೆ, ಸೆನ್ಸರಿನ ಬುಡ ಮತ್ತು ಬೆಸುಗೆಯ ಗೆರೆಗಳಿಗೆ ಸೋಪಿನ ನೀರು ಸಿಂಪಡಿಸಿದರೆ ಗುಳ್ಳೆ ಏಳುತ್ತದೆ. ಉರಿಯುವ ಊದುಬತ್ತಿಯನ್ನು ಜೋಡಣೆಯ ಸುತ್ತ ಆಡಿಸಿ ಅದರ ಹೊಗೆ ಎಲ್ಲಿ ತುಯ್ದಾಡುತ್ತದೆ ಎಂದು ನೋಡುವ ಮೆಕ್ಯಾನಿಕ್‌ಗಳೂ ಇದ್ದಾರೆ. ಕಾರ್ಬುರೇಟರಿನಿಂದ ಪೆಟ್ರೋಲ್ ತೊಟ್ಟಿಕ್ಕುವ ಹಳೆಯ ಬೈಕಿನಲ್ಲಿ ಮಾತ್ರ ಈ ಸಾಹಸ ಬೇಡ.

ಎರಡು ಸಂಗತಿಗಳನ್ನು ಸೋರಿಕೆ ಎಂದು ತಪ್ಪಾಗಿ ತಿಳಿಯಬೇಡಿ. ಹಲವು ಸೈಲೆನ್ಸರುಗಳ ತಳದಲ್ಲಿ ನೀರು ಬಸಿಯಲೆಂದೇ ಸಣ್ಣ ರಂಧ್ರ ಕೊರೆದಿರುತ್ತಾರೆ. ಅದನ್ನು ಬೆಸುಗೆ ಹಾಕಿಸಿ ಮುಚ್ಚಿದವರ ಸೈಲೆನ್ಸರ್ ಒಳಗಿನಿಂದ ತುಕ್ಕು ಹಿಡಿದು ಉದುರುತ್ತದೆ. ಇನ್ನು, ಹೊಗೆ ಶುದ್ಧವಾಗಲೆಂದು ಎಕ್ಸಾಸ್ಟಿಗೆ ತಾಜಾ ಗಾಳಿ ಬಿಡುವ ವ್ಯವಸ್ಥೆ ಇರುವ ಬೈಕುಗಳಲ್ಲಿ, ಜೋಡಣೆ ಎಷ್ಟೇ ಬಿಗಿಯಾಗಿದ್ದರೂ ಹೊಸ ಪೈಪಿನೊಂದಿಗೆ ಸ್ವಲ್ಪ ಪಟಪಟ ಇದ್ದೇ ಇರುತ್ತದೆ.

ಬಿಚ್ಚುವುದು

ಹಿಂದಿನ ಸಂಜೆಯೇ ನಟ್ಟುಗಳ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಮರುದಿನ ಹೆಡ್ಡಿನಿಂದ ಹೊರಚಾಚಿದ ತಲೆಯಿಲ್ಲದ ಬೋಲ್ಟುಗಳ, ಅಂದರೆ ಸ್ಟಡ್‌ಗಳ ನಟ್ಟನ್ನು ಬಾಕ್ಸ್ ಸ್ಪ್ಯಾನರಿನಲ್ಲೇ ಬಿಚ್ಚಿ. ನಟ್ ಅಲುಗದಿದ್ದರೆ ಸ್ವಲ್ಪ ಬಿಗಿದು ಸ್ವಲ್ಪ ಬಿಚ್ಚಿ, ಮತ್ತೆ ಎಣ್ಣೆ ಬಿಡಿ. ಸ್ಟಡ್ ತುಂಡಾದರೆ ಅರ್ಧ ಗಂಟೆಯ ಕೆಲಸ ಲೇತ್ ಅಂಗಡಿಯ ಎರಡು ದಿನದ ಕೆಲಸವಾಗುತ್ತದೆ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ ಬಂದ ಹಳೆಯ ಜಾವಾ, ಯೆಜ್ಡಿಗಳಲ್ಲಿ ಸ್ಟಡ್ ಇರುವುದಿಲ್ಲ, ರೆಕ್ಕೆಗಳಿರುವ ದೊಡ್ಡ ಸುತ್ತುನಟ್ ಇರುತ್ತದೆ. ಅದಕ್ಕೆ ಕೊಕ್ಕೆ ಸ್ಪ್ಯಾನರ್ ಬೇಕು. ಚಾಣ ಇಟ್ಟು ಸುತ್ತಿಗೆಯಿಂದ ಹೊಡೆದು ರೆಕ್ಕೆ ಮುರಿದ ನಟ್ಟುಗಳನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಹಳೆಯ ರಿಂಗ್ ಎಲ್ಲಿದೆ?

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಬೆಂಡ್ ಪೈಪ್ ಹೆಡ್ಡಿಗೆ ಸೇರುವ ಜಾಗದಲ್ಲಿ ಒಂದು ಗ್ಯಾಸ್ಕೆಟ್ ರಿಂಗ್ ಇರುತ್ತದೆ, ಮೆಕ್ಯಾನಿಕ್‌ಗಳ ಮಾತಿನಲ್ಲಿ ಪ್ಯಾಕಿಂಗ್. ಪೈಪ್ ಹೊರಗೆಳೆದಾಗ ಅದು ಜೊತೆಯಲ್ಲಿ ಬರುವುದಿಲ್ಲ, ಹೆಡ್ಡಿನ ಗೂಡಿನೊಳಗೇ ಅಂಟಿಕೊಂಡಿರುತ್ತದೆ. ವರ್ಷಗಟ್ಟಲೆಯ ಮಸಿ ಹಿಡಿದು ಗೂಡಿನ ಗೋಡೆಯ ಬಣ್ಣವೂ ರಿಂಗಿನ ಬಣ್ಣವೂ ಒಂದೇ ಆಗಿರುವುದರಿಂದ, ಅದು ಹೆಡ್ಡಿನದೇ ಭಾಗ ಎಂದು ಹೊಸಬರು ತಿಳಿಯುತ್ತಾರೆ. ಪರಿಚಿತರೊಬ್ಬರು ತಮ್ಮ 350 ಸಿ.ಸಿ. ಬೈಕಿಗೆ ಮೂರು ಸಲ ಹೊಸ ರಿಂಗ್ ಹಾಕಿಸಿಯೂ ಸೋರಿಕೆ ನಿಲ್ಲಲಿಲ್ಲ ಎಂದು ಗಾಡಿಯನ್ನು ನನ್ನ ಬಳಿ ತಂದಿದ್ದರು. ಪೈಪ್ ಬಿಚ್ಚಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆವು, ಎಲ್ಲ ಕಪ್ಪು. ಗೂಡಿನ ತಳದಲ್ಲಿ ಸಣ್ಣ ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲಗೆ ಗೀರಿದಾಗ ಮಸಿಯಡಿಯಿಂದ ತಾಮ್ರದ ಕೆಂಪು ಇಣುಕಿತು. ಕಾರ್ಖಾನೆಯಲ್ಲಿ ಹಾಕಿದ ಮೊದಲ ರಿಂಗ್ ಇನ್ನೂ ಅಲ್ಲೇ ಇತ್ತು, ಹೊಸ ರಿಂಗುಗಳೆಲ್ಲ ಅದರ ತಲೆಯ ಮೇಲೆ ಓರೆಯಾಗಿ ಕುಳಿತು ಚಪ್ಪಟೆಯಾಗುತ್ತಿದ್ದವು.

ಈ ಗೀರಿನ ಪರೀಕ್ಷೆಯನ್ನು ನೀವೂ ಮಾಡಿ. ಕೆಂಪು ಕಂಡರೆ ರಿಂಗ್. ಬೆಳ್ಳಗೆ ಮೆದುವಾಗಿ ಗೀರು ಬಿದ್ದರೆ ಅದು ಹೆಡ್ಡಿನ ಅಲ್ಯೂಮಿನಿಯಂ, ಅಲ್ಲಿಗೆ ನಿಲ್ಲಿಸಿ. ಎಲ್ಲ ರಿಂಗುಗಳೂ ತಾಮ್ರದವಲ್ಲವಾದ್ದರಿಂದ, ಉಕ್ಕಿನ ಹೊದಿಕೆಯ ರಿಂಗ್ ಇದ್ದರೆ ಅದರ ಒಳ ಅಂಚಿಗೂ ಗೂಡಿಗೂ ನಡುವಿನ ಸಣ್ಣ ಗೆರೆಯನ್ನು ಹುಡುಕಬೇಕು. ತೆಗೆಯುವ ಮೊದಲು ಸ್ವಚ್ಛ ಬಟ್ಟೆಯ ತುಂಡನ್ನು ಹೆಡ್ಡಿನಿಂದ ಹೊಗೆ ಹೊರಬರುವ ತೂತಿನ (ಪೋರ್ಟ್) ಒಳಕ್ಕೆ ತುರುಕಿ. ಲೋಹದ ಪುಡಿ ವಾಲ್ವಿನ ಕಡೆಗೆ ಹೋಗಬಾರದು. ಆಮೇಲೆ ತುದಿ ಬಾಗಿದ ಕೊಕ್ಕೆಯನ್ನು ರಿಂಗಿನ ಒಳ ಅಂಚಿಗೆ ಸಿಕ್ಕಿಸಿ ಒಂದು ಕಡೆ ಮೀಟಿ, ಎದುರು ಕಡೆ ಮೀಟಿ, ಸುತ್ತಲೂ ಬನ್ನಿ. ಬಾರದಿದ್ದರೆ ರಿಂಗಿನ ಅಂಚನ್ನು ಒಳಮುಖವಾಗಿ ಮಡಚಿ ಇಕ್ಕಳದಿಂದ ಎಳೆಯಿರಿ. ಗೂಡಿನ ತಳಕ್ಕೆ ಆಳವಾದ ಗೀರು ಬಿದ್ದರೆ ಯಾವ ಹೊಸ ರಿಂಗೂ ಅದನ್ನು ಮುಚ್ಚುವುದಿಲ್ಲ. ಕೊನೆಗೆ ಎಮರಿ ಪೇಪರಿನಿಂದ ಮಸಿ ಉಜ್ಜಿ, ಬಟ್ಟೆಯನ್ನು ಹೊರತೆಗೆಯಿರಿ. ಬಟ್ಟೆ ಒಳಗೇ ಬಿಟ್ಟು ಪೈಪ್ ಕಟ್ಟಿದವರೂ ಉಂಟು.

ಹಳೆಯ ರಿಂಗ್ ಮತ್ತೆ ಬಳಸಬಹುದೇ ಎಂದು ಕೇಳುವವರಿದ್ದಾರೆ. ಗಟ್ಟಿ ತಾಮ್ರದ್ದಾದರೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿದಾಗ ಅದು ಮತ್ತೆ ಮೆದುವಾಗುತ್ತದೆ, ಊರಿನಲ್ಲಿ ಅಂಗಡಿ ಮುಚ್ಚಿರುವ ಭಾನುವಾರಕ್ಕೆ ಆದೀತು. ಒಳಗೆ ನಾರು ತುಂಬಿ ಮಡಚಿದ ರಿಂಗ್ ಒಮ್ಮೆ ಚಪ್ಪಟೆಯಾದರೆ ಅದರ ಆಯುಸ್ಸು ಮುಗಿಯಿತು. ಪೈಪಿನ ಜೊತೆ ಉಚಿತವಾಗಿ ಬರುವ ತೆಳು ತಗಡಿನ ರಿಂಗುಗಳನ್ನು ನಾನು ಬಳಸುವುದೇ ಇಲ್ಲ. ಬೈಕ್ ಕಂಪನಿಯ ಬಿಡಿಭಾಗವನ್ನೇ ತರುತ್ತೇನೆ.

ಕೂರಿಸುವುದು, ಆಮೇಲೆ ಬಿಗಿಯುವುದು

ಹೊಸ ರಿಂಗಿಗೆ ಚೂರು ಗ್ರೀಸ್ ಹಚ್ಚಿದರೆ ಪೈಪ್ ಎತ್ತುವಾಗ ಗೂಡಿನಿಂದ ಕೆಳಗೆ ಬೀಳುವುದಿಲ್ಲ. ಬೆಂಡ್ ಪೈಪನ್ನು ಹೆಡ್ಡಿಗೆ ಕೊಟ್ಟು, ಅದನ್ನು ಹೆಡ್ಡಿಗೆ ಹಿಡಿದಿಡುವ ಪಟ್ಟಿಯ, ಅಂದರೆ ಫ್ಲ್ಯಾಂಜಿನ ನಟ್ಟುಗಳನ್ನು ಬೆರಳಿನಿಂದ ಮಾತ್ರ ಏರಿಸಿ, ಸ್ಪ್ಯಾನರ್ ಮುಟ್ಟಬೇಡಿ. ಸೈಲೆನ್ಸರನ್ನು ಬೆಂಡ್ ಪೈಪಿಗೆ ತೂರಿಸಿ, ಕ್ಲ್ಯಾಂಪ್ ಸಡಿಲವಾಗಿಯೇ ಇರಲಿ. ಈಗ ಹಿಂದಿನ ಬ್ರ್ಯಾಕೆಟ್ಟಿನ ತೂತು ಚಾಸಿಸ್ಸಿನ ತೂತಿಗೆ ತಾನಾಗಿ ಎದುರಾಗುತ್ತದೆಯೇ ನೋಡಿ. ಬೇರೆ ತಯಾರಕರ ಪೈಪುಗಳಲ್ಲಿ ಬಹಳ ಸಲ ಆಗುವುದಿಲ್ಲ. ನಾಲ್ಕೈದು ಮಿಲಿಮೀಟರ್ ಆಚೀಚೆ ಇರುತ್ತದೆ. ಹೆಚ್ಚಿನವರು ಇಲ್ಲಿ ಮೊಣಕಾಲು ಕೊಟ್ಟು ಸೈಲೆನ್ಸರನ್ನು ಒತ್ತಿ ಬೋಲ್ಟ್ ತೂರಿಸಿಬಿಡುತ್ತಾರೆ. ಉದ್ದದ ಪೈಪ್ ಸನ್ನೆಗೋಲಿನಂತೆ ವರ್ತಿಸುವುದರಿಂದ, ಹಿಂದೆ ಕೊಟ್ಟ ಆ ಒತ್ತಡವೆಲ್ಲ ಮುಂದಿನ ರಿಂಗಿನ ಒಂದು ಅಂಚಿನ ಮೇಲೆ ಬೀಳುತ್ತದೆ. ಒಂದು ಕಡೆ ಜಜ್ಜುತ್ತದೆ, ಇನ್ನೊಂದು ಕಡೆ ಕೂದಲೆಳೆಯಷ್ಟು ಬಾಯಿ ತೆರೆಯುತ್ತದೆ. ಇದರ ಬದಲು ಅಂತರವಿದ್ದಷ್ಟು ವಾಷರ್ ಕೊಡಿ, ಅಥವಾ ಬ್ರ್ಯಾಕೆಟ್ಟಿನ ತೂತನ್ನು ದುಂಡು ಅರದಿಂದ ಉದ್ದ ಮಾಡಿ. ಬೋಲ್ಟ್ ಎರಡು ಬೆರಳಿನಲ್ಲಿ ಹಿಡಿದು ತೂರಿಸಿದರೆ ಹೋಗಬೇಕು. ಅಲ್ಲಿಯವರೆಗೆ ಏನನ್ನೂ ಬಿಗಿಯಬಾರದು.

ಬಿಗಿಯುವ ಕ್ರಮ ಎಂಜಿನ್ನಿನಿಂದ ಹಿಂದಕ್ಕೆ. ಮೊದಲು ಫ್ಲ್ಯಾಂಜಿನ ಎರಡು ನಟ್ಟುಗಳನ್ನು ಅರ್ಧರ್ಧ ಸುತ್ತು, ಒಂದಾದ ಮೇಲೊಂದು. ಪ್ರತಿ ಸುತ್ತಿಗೂ ಫ್ಲ್ಯಾಂಜಿಗೂ ಹೆಡ್ಡಿಗೂ ನಡುವಿನ ಸಂದಿ ಎರಡೂ ಬದಿಯಲ್ಲಿ ಒಂದೇ ಅಳತೆಯಲ್ಲಿದೆಯೇ ಎಂದು ನೋಡಬೇಕು. ಅಳೆಯಲು ಡ್ರಿಲ್ ಬಿಟ್ಟಿನ ಹಿಂಬದಿ ಸಾಕು: ಒಂದು ಕಡೆ ಹೋಗುವ ಬಿಟ್ ಇನ್ನೊಂದು ಕಡೆಯೂ ಅಷ್ಟೇ ಬಿಗಿಯಾಗಿ ಹೋಗಬೇಕು. ನಟ್ಟನ್ನು ಎಷ್ಟು ಬಲದಿಂದ ತಿರುಗಿಸಿ ಬಿಗಿಯಬೇಕು ಎಂಬ ಟಾರ್ಕ್ ಅಳತೆಗೆ ನಿಮ್ಮ ಬೈಕಿನ ಕೈಪಿಡಿಯೇ ಪ್ರಮಾಣ. ಸಾಮಾನ್ಯವಾಗಿ 6 ಮಿ.ಮೀ. ಸ್ಟಡ್ಡಿಗೆ 10 ನ್ಯೂಟನ್ ಮೀಟರ್, 8 ಮಿ.ಮೀ. ಸ್ಟಡ್ಡಿಗೆ 20 ನ್ಯೂಟನ್ ಮೀಟರಿನ ಆಸುಪಾಸು ಇರುತ್ತದೆ. ಆಮೇಲೆ ಕ್ಲ್ಯಾಂಪ್, ಕೊನೆಗೆ ಹಿಂದಿನ ಬೋಲ್ಟ್.

ನಡುವಿನ ಜೋಡಣೆಯಲ್ಲಿ ನೋಡಬೇಕಾದದ್ದು ಎರಡೇ. ಸೈಲೆನ್ಸರಿನ ಕತ್ತಿನಲ್ಲಿ ಕ್ಲ್ಯಾಂಪ್ ಅದುಮಲೆಂದು ಸೀಳು ಕೊಟ್ಟಿರುತ್ತಾರೆ. ಬೆಂಡ್ ಪೈಪ್ ಆ ಸೀಳಿನ ಕೊನೆಯನ್ನು ದಾಟಿ ಒಳಗೆ ಹೋಗಿರಬೇಕು, ಇಲ್ಲದಿದ್ದರೆ ಸೀಳೇ ಕಿಟಕಿಯಾಗುತ್ತದೆ. ಕತ್ತು ಅಗಲವಾಗಿ ಪೈಪ್ ಸಣ್ಣದಾಗಿದ್ದರೆ ಕ್ಲ್ಯಾಂಪನ್ನು ಎಷ್ಟು ಬಿಗಿದರೂ ಫಲವಿಲ್ಲ; ಲೇತ್ ಅಂಗಡಿಯಲ್ಲಿ ಉಕ್ಕಿನ ಸ್ಲೀವ್ ಮಾಡಿಸಿ, ಅಥವಾ ಗ್ರಾಫೈಟ್ ಗ್ಯಾಸ್ಕೆಟ್ ಕೊಳ್ಳಿ. ತಂಪುಪಾನೀಯದ ಕ್ಯಾನ್ ಕತ್ತರಿಸಿ ಸುತ್ತುವ ಉಪಾಯ ದಾರಿಯಲ್ಲಿ ಕೈಕೊಟ್ಟಾಗ ಊರು ಸೇರಿಸುತ್ತದೆ, ಅದಕ್ಕಿಂತ ಹೆಚ್ಚು ನಂಬಬೇಡಿ.

ಪೇಸ್ಟಿನ ವಿಷಯ

ಟ್ಯೂಬಿನಲ್ಲಿ ಬರುವ ಕೆಂಪು ಅಥವಾ ತಾಮ್ರದ ಬಣ್ಣದ ಸಿಲಿಕೋನ್ ಹೆಚ್ಚೆಂದರೆ 340ರಿಂದ 370 ಡಿಗ್ರಿ ಸೆಲ್ಸಿಯಸ್ ತಡೆಯುತ್ತದೆ. ಹೆಡ್ಡಿನ ಬಾಯಲ್ಲಿ ಶಾಖ 500 ಡಿಗ್ರಿ ದಾಟುತ್ತದೆ. ಅಲ್ಲಿ ಅದನ್ನು ಹಚ್ಚುವುದು ವ್ಯರ್ಥ, ಜೊತೆಗೆ ಸಾದಾ ಸಿಲಿಕೋನಿನ ಆವಿ ಆಕ್ಸಿಜನ್ ಸೆನ್ಸರನ್ನು ಹಾಳು ಮಾಡುತ್ತದೆ. ನಲ್ಲಿ ಪೈಪಿಗೆ ಮೆತ್ತುವ ಎಪಾಕ್ಸಿ ಪುಟ್ಟಿ ಮೊದಲ ಸವಾರಿಯಲ್ಲೇ ಸುಟ್ಟು ಉದುರುತ್ತದೆ. ಕೆಲವು ಅಂಗಡಿಗಳಲ್ಲಿ ಇನ್ನೂ ಆಸ್ಬೆಸ್ಟಾಸ್ ದಾರ ಸುತ್ತುತ್ತಾರೆ. ಅದರ ನಾರು ಶ್ವಾಸಕೋಶಕ್ಕೆ ಮಾರಕವಾದ್ದರಿಂದ ನೇರವಾಗಿ ಬೇಡ ಎನ್ನಿ. ಹಚ್ಚಲೇಬೇಕೆಂದರೆ ನಡುವಿನ ಜೋಡಣೆಗೆ ಮಾತ್ರ, ಸೈಲೆನ್ಸರಿಗೆಂದೇ ಬರುವ ಸಿಮೆಂಟಿನಂಥ ಪೇಸ್ಟನ್ನು ತೆಳುವಾಗಿ ಸವರಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಟ್ಟು, ಎಂಜಿನ್ನನ್ನು ನಿಧಾನ ಓಟದಲ್ಲಿ ಬಿಸಿ ಮಾಡಿ.

ಗುಳ್ಳೆ ಬೆಸುಗೆಯ ಗೆರೆಯಿಂದಲೇ ಎದ್ದಿದ್ದರೆ ಈ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಪೈಪ್ ಬಿಚ್ಚಿಕೊಂಡೇ ವೆಲ್ಡಿಂಗ್ ಅಂಗಡಿಗೆ ಹೋಗಿ. ಸ್ಟೇನ್‌ಲೆಸ್ ಪೈಪಾದರೆ ಟಿಗ್ ವೆಲ್ಡಿಂಗ್ ಮಾಡುವವರನ್ನು ಹುಡುಕಿ. ಬೈಕಿನ ಮೇಲೇ ಬೆಸೆಯುತ್ತೇವೆ ಎಂದರೆ ಒಪ್ಪಬೇಡಿ, ಇಸಿಯು ಸುಟ್ಟರೆ ಪೈಪಿನ ಬೆಲೆಗಿಂತ ಹೆಚ್ಚು ತೆರಬೇಕಾಗುತ್ತದೆ.

ಸ್ಟಾರ್ಟ್ ಮಾಡುವ ಮೊದಲು ಪೈಪಿನ ಮೇಲಿನ ಎಣ್ಣೆಗೈ ಗುರುತುಗಳನ್ನು ಒರೆಸಿ, ಇಲ್ಲವಾದರೆ ಬೆರಳಚ್ಚು ಕ್ರೋಮಿನ ಮೇಲೆ ಸುಟ್ಟು ಉಳಿಯುತ್ತದೆ. ಗ್ರೀಸ್ ಹಚ್ಚಿದ್ದರಿಂದ ಮೊದಲ ಐದು ನಿಮಿಷ ಹೊಗೆ ಬರುವುದು ಸಹಜ. ನೂರು ಕಿಲೋಮೀಟರ್ ಓಡಿಸಿ, ಪೂರ್ತಿ ತಣಿದ ಮೇಲೆ ಫ್ಲ್ಯಾಂಜಿನ ನಟ್ಟುಗಳನ್ನು ಅದೇ ಟಾರ್ಕ್ ಅಳತೆಗೆ ಮತ್ತೊಮ್ಮೆ ನೋಡಬೇಕು. ರಿಂಗ್ ಕುಳಿತುಕೊಂಡಿರುವುದರಿಂದ ನಟ್ ಸ್ವಲ್ಪ ತಿರುಗುತ್ತದೆ. ಒಂದು ನಟ್ ಮಾತ್ರ ಅರ್ಧ ಸುತ್ತಿಗೂ ಮೀರಿ ತಿರುಗಿದರೆ, ಅಥವಾ ಫ್ಲ್ಯಾಂಜಿನ ಒಂದೇ ಬದಿಯಲ್ಲಿ ಹೊಸ ಮಸಿಯ ಗೆರೆ ಕಂಡರೆ ಇನ್ನಷ್ಟು ಬಿಗಿಯಬೇಡಿ; ಹಿಂದಿನ ಬೋಲ್ಟ್ ಸಡಿಲಿಸಿ, ಸೈಲೆನ್ಸರ್ ಯಾವ ಕಡೆಗೆ ಜಿಗಿಯುತ್ತದೆ ಎಂದು ನೋಡಿ, ಆ ಕಡೆಗೆ ಇನ್ನೊಂದು ವಾಷರ್ ಕೊಡಿ.