ತುತ್ತು ಇಳಿಯದ ಎರಡು ವರ್ಷ

ಮುಂಬಯಿಯ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ನಾನು ಪಾಠ ಹೇಳುತ್ತಿದ್ದಾಗ ಮಧ್ಯಾಹ್ನದ ಬಿಡುವು ಅರ್ಧ ಗಂಟೆಯದಾಗಿತ್ತು. ಡೊಂಬಿವಿಲಿಯಿಂದ ಬೆಳಗಿನ ಲೋಕಲ್‌ನಲ್ಲಿ ತಂದ ಡಬ್ಬಿಯ ಮೂರು ಚಪಾತಿಗಳನ್ನು ಆ ಅರ್ಧ ಗಂಟೆಯಲ್ಲಿ ತಿಂದು ಮುಗಿಸಲಾಗದೆ ಎರಡನ್ನು ಹಾಗೆಯೇ ಮನೆಗೆ ಮರಳಿ ಒಯ್ಯತೊಡಗಿದ್ದನ್ನು ಮೊದಲು ಗಮನಿಸಿದವಳು ನನ್ನ ಹೆಂಡತಿ. ಹಸಿವೆಯೇನೋ ಇತ್ತು, ನುಂಗಿದ ತುತ್ತು ಮಾತ್ರ ಎದೆಯ ನಡುವೆ ಬಂದು ನಿಂತುಬಿಡುತ್ತಿತ್ತು. ಒಂದು ಲೋಟ ನೀರು ಕುಡಿದು, ಬೆನ್ನನ್ನು ನೆಟ್ಟಗೆ ಮಾಡಿ, ಎರಡೂ ತೋಳುಗಳನ್ನು ಮೇಲೆತ್ತಿ ಉಸಿರು ಬಿಗಿಹಿಡಿದರೆ ಒಳಗೇನೋ ಜಾರಿದಂತಾಗಿ ದಾರಿ ತೆರೆದುಕೊಳ್ಳುತ್ತಿತ್ತು. ಸಹೋದ್ಯೋಗಿಗಳ ಮುಂದೆ ಹೀಗೆ ಕೈಯೆತ್ತಿ ನಿಲ್ಲಲು ನಾಚಿಕೆಯಾಗಿ, ಕಪಾಟಿನ ಮೇಲಿನ ಭೂಪಟಗಳನ್ನು ತೆಗೆಯುವವನಂತೆ ನಟಿಸುತ್ತಿದ್ದೆ.

ನಮ್ಮ ಬಡಾವಣೆಯ ವೈದ್ಯರು ಅದನ್ನು ಗ್ಯಾಸ್ ಎಂದರು. ಆಮ್ಲ ತಗ್ಗಿಸುವ ಮಾತ್ರೆಗಳನ್ನು ಎರಡು ವರ್ಷ ನುಂಗಿದೆ, ಅವೂ ಎಷ್ಟೋ ಸಲ ನಡುದಾರಿಯಲ್ಲಿಯೇ ಸಿಕ್ಕಿಕೊಂಡವು. ರಾತ್ರಿ ಮಲಗಿದಾಗ ಬಾಯಿಗೆ ನೀರು ಉಕ್ಕಿ ಬಂದು ದಿಂಬು ಒದ್ದೆಯಾಗುತ್ತಿತ್ತು, ಕೆಮ್ಮು ಒತ್ತರಿಸಿ ಬರುತ್ತಿತ್ತು. ಅದಕ್ಕೆ ಆಸ್ತಮಾ ಎಂದು ಹೆಸರಿಟ್ಟು ಇನ್‌ಹೇಲರ್ ಕೊಟ್ಟರು. ನಾನೂ ದಡ್ಡನೇ. ಎದೆಯುರಿಯವರಿಗೆ ಮೇಲೆ ಬರುವುದು ಹುಳಿಯಾಗಿರುತ್ತದೆ, ನನಗೆ ಬರುತ್ತಿದ್ದದ್ದು ರಾತ್ರಿ ಉಂಡ ತೊವ್ವೆಯ ರುಚಿಯಲ್ಲಿಯೇ ಇತ್ತು. ಆ ತೊವ್ವೆ ಹೊಟ್ಟೆಯನ್ನು ಮುಟ್ಟಿಯೇ ಇರಲಿಲ್ಲವೆಂಬುದು ನನಗೆ ಹೊಳೆಯಲು ತೂಕ ಒಂಬತ್ತು ಕಿಲೋ ಇಳಿಯಬೇಕಾಯಿತು.

ಕೊನೆಗೆ ಪರೇಲಿನ ಕಡೆಯ ಉದರರೋಗ ತಜ್ಞರೊಬ್ಬರು ನನ್ನ ದಪ್ಪ ಫೈಲನ್ನು ಪಕ್ಕಕ್ಕೆ ಸರಿಸಿ ಮರಾಠಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ‘ಪಾಣೀ ಪಣ್ ಅಡಕತಂ ಕಾ?’ ನೀರೂ ಸಿಕ್ಕಿಕೊಳ್ಳುತ್ತದೆಯೇ ಎಂದು. ಹೌದು, ಮೊದಲಿನಿಂದಲೂ, ತಣ್ಣೀರಾದರೆ ಇನ್ನೂ ಹೆಚ್ಚು ಎಂದೆ. ಮೊದಲು ಗಟ್ಟಿ ಆಹಾರ ಮಾತ್ರ ಸಿಕ್ಕಿಕೊಂಡು ಬರಬರುತ್ತ ನೀರಿಗೂ ತೊಂದರೆಯಾದರೆ ನಾಳ ಕಿರಿದಾಗಿರಬಹುದು ಅಥವಾ ಗೆಡ್ಡೆ ಇರಬಹುದು; ಆರಂಭದಿಂದಲೇ ಗಟ್ಟಿ, ನೀರು ಎರಡೂ ನಿಲ್ಲುವುದಾದರೆ ಅನ್ನನಾಳದ ಚಲನೆಯನ್ನೇ ಅನುಮಾನಿಸಬೇಕು ಎಂದು ಅವರು ವಿವರಿಸಿದರು. ಹಿಂದೆ ಮಾಡಿಸಿದ್ದ ಎಂಡೋಸ್ಕೋಪಿಯಲ್ಲಿ ಎಲ್ಲವೂ ಸರಿಯಿದೆ ಎಂದೇ ಬರೆದಿತ್ತು. ಅನ್ನನಾಳದ ಚಲನೆ ಕೆಡುವ ಇಂಥ ರೋಗದಲ್ಲಿ, ಅದರಲ್ಲೂ ಶುರುವಿನಲ್ಲಿ, ಅದು ಅಪರೂಪವೇನಲ್ಲವಂತೆ. ಆದರೂ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಮತ್ತೊಮ್ಮೆ ಮಾಡಿಸಿದರು.

ರೋಗವನ್ನು ನಿಜವಾಗಿ ಹಿಡಿದದ್ದು ಮ್ಯಾನೊಮೆಟ್ರಿ. ಮೂಗಿನ ಹೊಳ್ಳೆಗೆ ಮರಗಟ್ಟಿಸುವ ಜೆಲ್ ಹಚ್ಚಿ, ಒತ್ತಡವನ್ನು ಅಳೆಯುವ ಸೆನ್ಸರುಗಳ ತೆಳ್ಳಗಿನ ನಳಿಕೆಯನ್ನು ಹೊಟ್ಟೆಯವರೆಗೆ ಇಳಿಸುತ್ತಾರೆ. ಗಂಟಲನ್ನು ದಾಟುವಾಗ ಓಕರಿಕೆ ಬಂದು ಕಣ್ಣಲ್ಲಿ ನೀರಾಡಿತು, ಆದರೆ ಆ ಕಷ್ಟ ಅರ್ಧ ನಿಮಿಷದ್ದು. ಬಳಿಕ ಅಂಗಾತ ಮಲಗಿಸಿ, ಸಿರಿಂಜಿನಿಂದ ಬಾಯಿಗೆ ಐದೈದು ಮಿಲಿಲೀಟರ್ ನೀರು ಬಿಟ್ಟು ಹತ್ತು ಸಲ ನುಂಗಿಸಿದರು. ಒಂದು ಗುಟುಕಿಗೂ ಇನ್ನೊಂದಕ್ಕೂ ನಡುವೆ ಜೊಲ್ಲನ್ನು ಕೂಡ ನುಂಗಬಾರದು. ನುಂಗಬೇಡ ಎಂದೊಡನೆ ನುಂಗಬೇಕೆನಿಸುವುದು ಮನುಷ್ಯನ ಸ್ವಭಾವವಾದ್ದರಿಂದ ನನಗೆ ನಿಜಕ್ಕೂ ಕಷ್ಟವಾದದ್ದು ಅದೇ. ಆರೋಗ್ಯವಂತರ ಪರದೆಯಲ್ಲಿ ಮೇಲಿನಿಂದ ಕೆಳಕ್ಕೆ ಓರೆಯಾಗಿ ಇಳಿಯುವ ಬಣ್ಣದ ಪಟ್ಟೆ ಕಾಣಬೇಕು. ನನ್ನದರಲ್ಲಿ ನಾಳದ ಉದ್ದಕ್ಕೂ ಒಮ್ಮೆಗೇ ಎದ್ದು ನಿಂತ ಕಂಬವಿತ್ತು. ಅದರ ಬುಡದಲ್ಲಿ, ನಾನು ನುಂಗಿದರೂ ಸಡಿಲವಾಗದ ಬಿಗಿಯಾದ ಗೆರೆ. ಎರಡನೆಯ ಬಗೆಯ ಅಕಲೇಸಿಯಾ, ಎಂದರೆ ಅನ್ನನಾಳದ ಕೆಳಗಿನ ಕವಾಟ ಸಡಿಲವಾಗದ ರೋಗ, ಎಂದು ವರದಿ ಬಂತು. ಮೂರು ಬಗೆಗಳಲ್ಲಿ ಚಿಕಿತ್ಸೆಗೆ ಚೆನ್ನಾಗಿ ಒಗ್ಗುವುದು ಇದೇ ಎಂದು ಕೇಳಿ, ಪರೀಕ್ಷೆಯಲ್ಲಿ ಪಾಸಾದ ಹುಡುಗನಂತೆ ಹಿಗ್ಗಿದೆ.

ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ಅದರ ಗೋಡೆಯೊಳಗಿನ ನರಕೋಶಗಳಲ್ಲಿ ‘ಸಡಿಲವಾಗು’ ಎಂದು ಹೇಳುವವು ನಶಿಸಿಹೋದರೆ ಕೆಳಗಿನ ಕವಾಟ ತೆರೆಯುವುದಿಲ್ಲ, ತುತ್ತನ್ನು ಕೆಳಕ್ಕೆ ತಳ್ಳುವ ಮೇಲಿನ ಅಲೆಯೂ ನಿಲ್ಲುತ್ತದೆ. ಸತ್ತ ನರಗಳನ್ನು ಮರಳಿ ತರುವ ಔಷಧ ಯಾವ ಪದ್ಧತಿಯಲ್ಲಿಯೂ ಇಲ್ಲ. ಇರುವ ಚಿಕಿತ್ಸೆಗಳೆಲ್ಲ ಬಾಗಿಲನ್ನು ಸಡಿಲಗೊಳಿಸುವಂಥವು. 1674ರಲ್ಲಿಯೇ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ತಿಮಿಂಗಿಲದ ಎಲುಬಿನ ಕಡ್ಡಿಯ ತುದಿಗೆ ಸ್ಪಂಜು ಕಟ್ಟಿ ರೋಗಿಯೊಬ್ಬನ ಅನ್ನವನ್ನು ಕೆಳಕ್ಕೆ ತಳ್ಳಿಸುತ್ತಿದ್ದನೆಂದು ಓದಿದಾಗ, ಭೂಪಟದ ಕಪಾಟಿನ ಮುಂದೆ ಕೈಯೆತ್ತಿ ನಿಲ್ಲುತ್ತಿದ್ದ ನಾನು ಎಷ್ಟೋ ವಾಸಿ ಅನಿಸಿತು.

ಇದನ್ನು ತಿಳಿಯುವ ಮೊದಲು ನಾನು ಮಾಡದ ಮನೆಮದ್ದಿಲ್ಲ. ಕಾರ್ಕಳದಿಂದ ಅತ್ತೆಯವರು ಕಳಿಸಿದ ಜೀರಿಗೆ ಕೊತ್ತಂಬರಿಯ ಕಷಾಯದಿಂದ ಹಿತವೆನಿಸಿದ್ದು ನಿಜ, ಆದರೆ ಅದು ಬಿಸಿನೀರಿನ ಗುಣವೆಂದು ಬರಿಯ ಬಿಸಿನೀರನ್ನೇ ಕುಡಿದು ನೋಡಿ ಖಚಿತಪಡಿಸಿಕೊಂಡೆ. ಪುದೀನಾ ಎಣ್ಣೆ ನಯವಾದ ಸ್ನಾಯುಗಳನ್ನು ಸಡಿಲಿಸುತ್ತದೆ, ಅನ್ನನಾಳ ಸೆಟೆದು ಎದೆನೋವು ಬರುವ ಕೆಲವರಿಗೆ ಅದರಿಂದ ಉಪಶಮನ ಸಿಗಬಹುದು. ನನ್ನ ಬೀಗಕ್ಕೆ ಅದು ಕೀಲಿಯಾಗಲಿಲ್ಲ. ಪ್ರಾಣಾಯಾಮದಿಂದ ಉಣ್ಣುವಾಗಿನ ಗಾಬರಿ ತಗ್ಗಿತು, ಅಷ್ಟು ಲಾಭವನ್ನು ಅಲ್ಲಗಳೆಯಲಾರೆ. ಒಂದು ದಪ್ಪ ಚೂರ್ಣದ ಗುಳಿಗೆ ಮಾತ್ರ ನಾಳದಲ್ಲಿ ಸಿಕ್ಕಿಕೊಂಡು ಎರಡು ದಿನ ಉರಿಸಿತು. ನಿಜಕ್ಕೂ ಕೆಲಸ ಮಾಡಿದ್ದು ಭೂಮಿಯ ಸೆಳೆತ: ನೆಟ್ಟಗೆ ಕುಳಿತು ಉಣ್ಣುವುದು, ಮಲಗುವುದಕ್ಕೆ ಮೂರು ನಾಲ್ಕು ಗಂಟೆ ಮೊದಲೇ ಊಟ ಮುಗಿಸುವುದು, ಮಂಚದ ತಲೆಯ ಕಡೆಯ ಕಾಲುಗಳಿಗೆ ಇಟ್ಟಿಗೆ ಕೊಡುವುದು. ಒಣ ಪಾವ್ ನನ್ನ ಶತ್ರು, ಕುಚ್ಚಲಕ್ಕಿ ಗಂಜಿ ಮಿತ್ರ.

ಚಿಕಿತ್ಸೆಯ ಆಯ್ಕೆಗಳನ್ನು ವೈದ್ಯರು ಒಂದು ಹಾಳೆಯಲ್ಲಿ ಬರೆದು ಕೊಟ್ಟರು. ಊಟಕ್ಕೆ ಮುಂಚಿನ ನಿಫೆಡಿಪಿನ್ ಮಾತ್ರೆಯನ್ನು ಹದಿನೈದು ದಿನ ನೋಡಿದೆ. ರಕ್ತದೊತ್ತಡ ಇಳಿದು ದಾದರಿನ ಸೇತುವೆಯ ಮೆಟ್ಟಿಲಲ್ಲಿ ಕಣ್ಣು ಕತ್ತಲೆ ಕವಿದ ದಿನ ಬಿಟ್ಟೆ. ಬೊಟಾಕ್ಸ್ ಚುಚ್ಚುಮದ್ದಿನ ಫಲ ಬಹುಮಟ್ಟಿಗೆ ವರ್ಷದೊಳಗೆ ಕರಗುವುದರಿಂದ ಅದು ಶಸ್ತ್ರಚಿಕಿತ್ಸೆ ತಾಳಲಾರದ ವೃದ್ಧರಿಗೆ ಸರಿ. ಉಳಿದದ್ದು ಮೂರು: ಬಲೂನಿನಿಂದ ಹಿಗ್ಗಿಸುವುದು, 1913ರಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಲ್ಲರ್ ಮೊದಲು ಮಾಡಿದ್ದ, ಈಗ ಲ್ಯಾಪ್ರೊಸ್ಕೋಪಿಯಲ್ಲಿ ನಡೆಯುವ ಸ್ನಾಯುಛೇದನ, ಮತ್ತು ಜಪಾನಿನ ಹರುಹಿರೊ ಇನೊಯೆ 2008ರಲ್ಲಿ ಆರಂಭಿಸಿದ ಪೋಯೆಮ್. ಪೋಯೆಮ್ ಎಂದರೆ ಬಾಯಿಯ ಮೂಲಕವೇ ಎಂಡೋಸ್ಕೋಪ್ ಇಳಿಸಿ, ಅನ್ನನಾಳದ ಒಳಪದರದಲ್ಲಿ ಸಣ್ಣ ಸೀಳು ಮಾಡಿ, ಅದರಡಿ ಸುರಂಗ ಕೊರೆದು, ಬಿಗಿದ ಸ್ನಾಯುವನ್ನು ಕತ್ತರಿಸಿ, ಸೀಳಿಗೆ ಕ್ಲಿಪ್ ಹಾಕುವುದು. ಹೊರಗೆ ಗಾಯವಿಲ್ಲ, ಆದರೆ ಆಮ್ಲ ಮೇಲೇರುವ ಸಂಭವ ಹೆಲ್ಲರ್ ವಿಧಾನಕ್ಕಿಂತ ಹೆಚ್ಚು, ಏಕೆಂದರೆ ಅಲ್ಲಿ ಹೊಟ್ಟೆಯ ಮಡಿಕೆಯೊಂದನ್ನು ಸುತ್ತಿ ತಡೆ ಕಟ್ಟುತ್ತಾರೆ, ಇಲ್ಲಿ ಕಟ್ಟುವುದಿಲ್ಲ. ಬೇಗ ಶಾಲೆಗೆ ಮರಳುವ ಆಸೆಯಿಂದ ನಾನು ಪೋಯೆಮ್ ಆರಿಸಿದೆ.

ನಾಳದಲ್ಲಿ ಹಳೆಯ ಅನ್ನ ಉಳಿದಿರಬಾರದೆಂದು ಚಿಕಿತ್ಸೆಗೆ ಮುಂಚಿನ ಎರಡು ದಿನ ಬರಿಯ ದ್ರವಾಹಾರ. ಚಿಕಿತ್ಸೆಯ ಮರುದಿನ ಬಣ್ಣದ ದ್ರವ ಕುಡಿಸಿ ಎಕ್ಸ್‌ರೇ ತೆಗೆದು, ಸೋರಿಕೆಯಿಲ್ಲವೆಂದು ಕಂಡ ಮೇಲೆ ನೀರು ಕೊಟ್ಟರು. ಮೊದಲ ಗುಟುಕು ಎದೆಯಲ್ಲಿ ನಿಲ್ಲದೆ ಇಳಿದಾಗ ಅಭ್ಯಾಸಬಲದಿಂದ ನಾನು ಕೈಯೆತ್ತಿಬಿಟ್ಟಿದ್ದೆ. ಏನು ಬೇಕೆಂದು ನರ್ಸ್ ಓಡಿಬಂದರು. ಚಿಕಿತ್ಸೆಗೆ ಮುಂಚೆ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ಬೇರಿಯಂ ದ್ರವ ಕುಡಿದು ಐದು ನಿಮಿಷವಾದರೂ ಹದಿಮೂರು ಸೆಂಟಿಮೀಟರ್ ಎತ್ತರಕ್ಕೆ ನಿಂತಿದ್ದ ಬಿಳಿಯ ಕಂಬ, ಮೂರು ತಿಂಗಳ ಬಳಿಕ ಎರಡಕ್ಕೆ ಇಳಿದಿತ್ತು.

ಅನ್ನನಾಳದ ಅಲೆ ಮರಳಿಲ್ಲ, ಮರಳುವ ಭರವಸೆಯೂ ಇಲ್ಲ. ಹಾಗಾಗಿ ಇಟ್ಟಿಗೆಗಳು ಮಂಚದ ಕೆಳಗೇ ಇವೆ, ಹುಳಿಯಾದ ಸೋಲ್‌ಕಢಿ ಬಿಟ್ಟಿದ್ದೇನೆ. ಮಾಟುಂಗದ ಮದುವೆಗಳಲ್ಲಿ ಪಂಕ್ತಿ ಎದ್ದರೂ ನಾನೊಬ್ಬ ಎಲೆಯ ಮುಂದೆ ಕುಳಿತಿರುತ್ತೇನೆ, ‘ಮಾಸ್ಟ್ರು ನಿಧಾನವಾಗಿ ಉಣ್ಣಲಿ’ ಎಂದು ಬಡಿಸುವವರು ಇನ್ನೊಂದು ಸೌಟು ಸಾರು ಹಾಕಿ ಹೋಗುತ್ತಾರೆ. ಕೆಲವು ವರ್ಷಗಳಿಗೊಮ್ಮೆ ಎಂಡೋಸ್ಕೋಪಿ ಮಾಡಿಸಿಕೊಳ್ಳಬೇಕೆಂದು ವೈದ್ಯರು ಹೇಳಿದ್ದಾರೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಆಮ್ಲ ತಗ್ಗಿಸುವ ಮಾತ್ರೆಯೊಂದನ್ನು ನುಂಗುತ್ತೇನೆ: ಎರಡು ವರ್ಷ ವ್ಯರ್ಥವಾಗಿ ನುಂಗಿದ ಅದೇ ಮಾತ್ರೆ, ಈಗ ನನಗೆ ನಿಜವಾಗಿ ಬೇಕಾಗಿದೆ.