ಗ್ರಾಫ್ ಹಾಳೆಯ ಮೇಲೆ ಅಮ್ಮನ ಸೀರೆಗಳು

ಅಮ್ಮನ ಹಳೆ ಕಾಟನ್ ಸೀರೆಗಳಲ್ಲಿ ಕೌದಿ ಹೊಲಿಯೋಣ ಅಂತ ಹೊರಟಾಗ ನನಗಿದ್ದ ಭಯ ಒಂದೇ, ಕತ್ತರಿಸುವಾಗ ತಪ್ಪಾದರೆ ಆ ಬಟ್ಟೆ ಮತ್ತೆ ಸಿಗೋದಿಲ್ಲ. ಹೊಸ ಬಟ್ಟೆಯಾದರೆ ಮೈಸೂರಲ್ಲಿ ಅರಸು ರಸ್ತೆಗೆ ಹೋಗಿ ಇನ್ನೊಂದು ಮೀಟರ್ ತರಬಹುದು. ಮಂಡ್ಯದ ಮನೆಯ ಟ್ರಂಕಿನಲ್ಲಿದ್ದ ಐದು ಸೀರೆಗೆ ಆ ಮಾತಿಲ್ಲ. ಅದಕ್ಕೇ ಕತ್ತರಿಗಿಂತ ಮೊದಲು ಮಗಳ ಗ್ರಾಫ್ ಪುಸ್ತಕ ತೆಗೆದುಕೊಂಡೆ.

ಇದಕ್ಕೆ ಮುಂಚೆ ಒಂದು ಕೌದಿ ಲೆಕ್ಕವಿಲ್ಲದೆ ಹೊಲಿದಿದ್ದೆ. ಅಡ್ಡಕ್ಕೆ 15 ಚೌಕ, ಒಂದೊಂದೂ 4 ಇಂಚು, ಒಟ್ಟು 60 ಇಂಚು ಬರುತ್ತೆ ಅಂದುಕೊಂಡು ಸರಿಯಾಗಿ 4 ಇಂಚಿಗೇ ಕತ್ತರಿಸಿದ್ದೆ. ಹೊಲಿಗೆಯಲ್ಲಿ ಪ್ರತಿ ಚೌಕಕ್ಕೂ ಎರಡು ಕಡೆ ಕಾಲಿಂಚು ಹೋಗಿ, ಕೊನೆಗೆ ಅಗಲ ಐವತ್ತೆರಡೂವರೆ ಇಂಚಿಗೆ ಬಂತು. ಈಗ ನಾಲ್ಕೂವರೆ ಇಂಚಿಗೇ ಕತ್ತರಿಸೋದು.

ಗ್ರಾಫಿನ 1 ಸೆಂಟಿಮೀಟರ್ ಮನೆ ಅಂದರೆ ನನಗೆ ಒಂದು ಚೌಕ. ಅಡ್ಡ 15, ಉದ್ದ 21, ಒಂದೇ ಹಾಳೆಯಲ್ಲಿ ಹಿಡಿಯುತ್ತೆ. ಎರಡೂ ಬೆಸ ಸಂಖ್ಯೆ ಇದ್ದರೆ ಸರಿಯಾಗಿ ನಡುವೆ ಒಂದು ಮನೆ ಸಿಗುತ್ತೆ, ಅದರ ಸುತ್ತ ವಜ್ರದ ಆಕಾರದಲ್ಲಿ ಸುತ್ತುಗಳನ್ನು ಬರೆಯಬಹುದು. ಮೊದಲ ಸುತ್ತಿಗೆ 4 ಚೌಕ, ಎರಡನೆಯದಕ್ಕೆ 8, ಮೂರನೆಯದಕ್ಕೆ 12, ಹೀಗೆ ಸುತ್ತಿಗೆ ನಾಲ್ಕು ನಾಲ್ಕು ಜಾಸ್ತಿ ಆಗುತ್ತಾ ಏಳನೆಯದಕ್ಕೆ 28.

ಈ ಲೆಕ್ಕ ಯಾಕೆ ಬೇಕಾಯಿತು ಅಂದರೆ, ಅರಿಶಿನ ಬಣ್ಣದ ಸೀರೆ ನಡುವೆಲ್ಲ ಜಾಳಾಗಿತ್ತು. ಬೆಳಕಿಗೆ ಹಿಡಿದು ನೋಡಿ ಗಟ್ಟಿ ಇರೋ ಕಡೆ ಮಾತ್ರ ಗುರುತು ಹಾಕಿದರೆ 40 ಚೌಕ ಸಿಕ್ಕವು, ಅಷ್ಟೇ. ಅಮ್ಮ ಅದನ್ನು ಮುಟ್ಟಿ ನೋಡಿ, "ನಿನ್ನ ಬಾಣಂತನದಲ್ಲಿ ಇದನ್ನೇ ಉಡ್ತಿದ್ದೆ ಕಣೇ" ಅಂದರು. ಅದನ್ನು ಮೂಲೆಗೆ ಹಾಕೋಕೆ ಮನಸ್ಸು ಬರಲಿಲ್ಲ. ಮೂರನೇ ಸುತ್ತಿನ 12, ಏಳನೇ ಸುತ್ತಿನ 28, ಸೇರಿದರೆ ಸರಿಯಾಗಿ 40! ಅವತ್ತು ರಾತ್ರಿ ಆ ಎರಡು ಸುತ್ತಿಗೆ ಹಳದಿ ಪೆನ್ಸಿಲ್ ಬಳಿದಾಗ ಆದ ಖುಷಿ ಇನ್ನೂ ಇದೆ.

ಉಳಿದ ಬಣ್ಣಗಳನ್ನು ಅತ್ತಿತ್ತ ಬದಲಿಸಿ ನೋಡೋಕೆ ಹಾಳೆ ಸಾಲಲಿಲ್ಲ, ಅಳಿಸಿ ಅಳಿಸಿ ಹರಿಯಿತು. ಆಗ ಗೂಗಲ್ ಶೀಟ್ಸ್‌ಗೆ ಹೋದೆ. ಕಾಲಂ ಅಗಲ ಕಡಿಮೆ ಮಾಡಿ ಮನೆಗಳನ್ನು ಚೌಕ ಮಾಡಿಕೊಂಡೆ. ಸುಮ್ನೆ ಬಣ್ಣ ತುಂಬಿದರೆ ಶೀಟ್ಸ್ ಅದನ್ನು ಎಣಿಸಿ ಕೊಡೋದಿಲ್ಲ. ಅದಕ್ಕೆ ಪ್ರತಿ ಸೀರೆಗೂ ಒಂದು ಅಕ್ಷರ ಕೊಟ್ಟು, ಆ ಅಕ್ಷರ ಬಂದರೆ ಆ ಬಣ್ಣ ಬರುವಂತೆ ಕಂಡಿಷನಲ್ ಫಾರ್ಮ್ಯಾಟಿಂಗ್ ಹಾಕಿದೆ. ಒಂದು ಅಕ್ಷರ ಎಷ್ಟು ಸಲ ಬಂದಿದೆ ಅಂತ ಎಣಿಸೋ ಕೌಂಟ್‌ಇಫ್ ಸೂತ್ರ ಕೊಟ್ಟರೆ ಯಾವ ಸೀರೆಯಿಂದ ಎಷ್ಟು ಚೌಕ ಬೇಕು ಅಂತ ಕೂತಲ್ಲೇ ಗೊತ್ತಾಗುತ್ತೆ.

ಇನ್ನೊಂದು ಮಾತು, ಬಟ್ಟೆಗಳನ್ನು ಪಕ್ಕಪಕ್ಕ ಇಟ್ಟು ಫೋನಿನಲ್ಲಿ ಕಪ್ಪು ಬಿಳುಪು ಫೋಟೊ ತೆಗೆಯಿರಿ. ಕಣ್ಣಿಗೆ ಬೇರೆ ಬೇರೆ ಅನ್ನಿಸಿದ್ದ ನನ್ನ ಮರೂನ್ ಮತ್ತು ಕಡು ಹಸಿರು ಅದರಲ್ಲಿ ಒಂದೇ ಬೂದು ಬಣ್ಣ! ಪಕ್ಕದ ಸುತ್ತುಗಳಿಗೆ ಹಾಕಿದ್ದರೆ ವಜ್ರ ಕಾಣುತ್ತಲೇ ಇರಲಿಲ್ಲ, ಅಲ್ವಾ? ಮಧ್ಯೆ ತಿಳಿ ನೀಲಿ ತಂದೆ.

ಹಾಳೆ ಈಗ ಮಷಿನ್ ಎದುರಿನ ಗೋಡೆ ಮೇಲಿದೆ. ಒಂದು ಸಾಲಿನ ಹೊಲಿಗೆ ಅಂಚನ್ನು ಎಡಕ್ಕೆ, ಮುಂದಿನದನ್ನು ಬಲಕ್ಕೆ ಮಡಿಸಿ ಇಸ್ತ್ರಿ ಮಾಡುತ್ತೇನೆ, ಸಾಲು ಕೂಡಿಸುವಾಗ ಮೂಲೆಗಳು ತಾವೇ ಕೂರುತ್ತವೆ. ಇವತ್ತಿಗೆ ಎಂಟು ಸಾಲು ಮುಗಿಯಿತು. ಅರಿಶಿನದ ಮೂರನೇ ಸುತ್ತು ಈ ಎಂಟನೇ ಸಾಲಿನಲ್ಲೇ ಶುರು.